ಒಳಗೆ ಸುಣ್ಣ, ಹೊರಗೆ ಮಸಿ

ಕಳೆದ ಸೆಮಿಸ್ಟರಿನ ಇಂಟರ್ನಲ್ಸ್ ವಾರದಲ್ಲೇ ನಮ್ಮ ಬಾಡಿಗೆ ಮನೆಯ ಗ್ಯಾಸ್ ಗೀಸರ್ ಕೈಕೊಟ್ಟಿತು. ನಲ್ಲಿ ತಿರುಗಿಸಿದರೆ ನೀರು ದಾರದ ಹಾಗೆ ಬರುತ್ತೆ, ಬರ್ನರ್ ಹತ್ತೋದೇ ಇಲ್ಲ. ಸಿಲಿಂಡರ್ ಬದಲಿಸಿದೆವು, ಬ್ಯಾಟರಿ ಬದಲಿಸಿದೆವು, ಎರಡು ದಿನ ತಣ್ಣೀರಲ್ಲೇ ಸ್ನಾನ ಮಾಡಿದೆವು. ಕೊನೆಗೆ ಮೆಕ್ಯಾನಿಕ್ ಅಣ್ಣ ಬಂದು, ನೀರು ಒಳಹೋಗುವ ಕಡೆಯ ಪುಟ್ಟ ಜಾಲರಿ ಬಿಚ್ಚಿ ತೋರಿಸಿದರು. ತುಂಬಾ ಬಿಳಿ ಹರಳು. ಆಮೇಲೆ ತಾಮ್ರದ ಕೊಳವೆ ಕಡೆ ಬೆರಳು ಮಾಡಿ, "ಒಳಗೆ ಸುಣ್ಣ, ಹೊರಗೆ ಮಸಿ. ವರ್ಷಕ್ಕೊಂದ್ ಸಲನಾದ್ರೂ ಬಿಚ್ಚಿಸಿ ನೋಡ್ಬಾರ್ದೇನ್ರಪ್ಪಾ?" ಅಂದರು.

ನಾಚಿಕೆಯಾಯಿತು. ಆ ಮನೆಯಲ್ಲಿರುವ ನಾಲ್ವರಲ್ಲಿ ಇಬ್ಬರು ಮೆಕ್ಯಾನಿಕಲ್. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಫೌಲಿಂಗ್ ಫ್ಯಾಕ್ಟರ್ ಹಾಕಿ ಲೆಕ್ಕ ಮಾಡಿದವರು. ಆ ಫೌಲಿಂಗ್ ನಮ್ಮ ಬಚ್ಚಲಲ್ಲೇ ಕೂತಿದೆ ಅಂತ ಮಾತ್ರ ಹೊಳೆದಿರಲಿಲ್ಲ.

ವಿಷಯ ಕಷ್ಟದ್ದೇನಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ಬಿಸಿ ಮಾಡಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಸಕ್ಕರೆ ಬಿಸಿ ನೀರಲ್ಲಿ ಹೆಚ್ಚು ಕರಗುತ್ತದೆ, ಇದು ಉಲ್ಟಾ: ಬಿಸಿ ಹೆಚ್ಚಿದಷ್ಟೂ ಕರಗುವುದು ಕಡಿಮೆ. ಹಾಗಾಗಿ ಅತಿ ಬಿಸಿಯಿರುವ ಜಾಗಕ್ಕೇ, ಅಂದರೆ ಕೊಳವೆಯ ಒಳಗೋಡೆಗೇ ಹೋಗಿ ಅಂಟಿಕೊಳ್ಳುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400, ಈ ಪದರದ್ದು ಸುಮಾರು 2. ಅಂದರೆ 1 ಮಿ.ಮೀ. ಸುಣ್ಣ ಸುಮಾರು 200 ಮಿ.ಮೀ. ತಾಮ್ರದಷ್ಟು ಶಾಖವನ್ನು ತಡೆಯುತ್ತದೆ. ಹಾಗಂತ ಗ್ಯಾಸ್ ಖರ್ಚು 200 ಪಟ್ಟು ಆಗಲ್ಲ, ಯಾಕಂದ್ರೆ ಜ್ವಾಲೆಯ ಕಡೆಯ ತಡೆಯೇ ದೊಡ್ಡದು. ಆದರೆ ಸುಣ್ಣದ ಹಿಂದಿರುವ ಲೋಹ ತಣ್ಣಗಾಗಲು ಆಗದೆ ಕಾಯುತ್ತದೆ. ಕೊಳವೆ ಕಿರಿದಾಗುತ್ತದೆ, ನೀರಿನ ಹರಿವು ಇಳಿಯುತ್ತದೆ. ಹರಿವು ಸಾಲದಿದ್ದರೆ ಗ್ಯಾಸ್ ವಾಲ್ವ್ ತೆರೆಯುವುದೇ ಇಲ್ಲ. ನಮ್ಮ ಗೀಸರ್ ಹತ್ತದೇ ಇದ್ದಿದ್ದೂ ಇದಕ್ಕೇ.

ಇಷ್ಟೇ ಆಗಿದ್ದರೆ ಇದು ಬರೀ ತಣ್ಣೀರಿನ ಕಥೆ. ಹೊರಗಿನ ಮಸಿ ಹಾಗಲ್ಲ. ರೆಕ್ಕೆಗಳ ಸಂದಿಯಲ್ಲಿ ಮಸಿ ಕಟ್ಟಿದರೆ ಹೊಗೆ ಹೊರಹೋಗುವ ದಾರಿ ಮುಚ್ಚುತ್ತದೆ, ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತೆ, ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗ್ಯಾಸ್ ಗೀಸರ್ ಇದ್ದ ಸ್ನಾನದ ಮನೆಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ, ಓದಿ ಪುಟ ತಿರುಗಿಸಿದ್ದೇವೆ. ನೀಲಿ ಜ್ವಾಲೆ ಹಳದಿಯಾದರೆ, ಸ್ನಾನ ಮಾಡುವಾಗ ತಲೆ ಸುತ್ತಿದರೆ, ತಕ್ಷಣ ಆಫ್ ಮಾಡಿ ಹೊರಗೆ ಬರಬೇಕು. ಗೀಸರ್ ಸ್ನಾನದ ಮನೆಯ ಒಳಗೆ ಇರಲೇಬಾರದು.

"ಬಾಡಿಗೆ ಮನೆ ತಾನೇ, ಓನರ್ ನೋಡ್ಕೋತಾರೆ" ಅನ್ನೋರು ನಮ್ಮಲ್ಲೂ ಇದ್ದಾರೆ. ಮನೆ ಓನರದ್ದು ನಿಜ, ಉಸಿರು ನಮ್ಮದು. ನೀರು ಮೆದು ಮಾಡುವ ಸಾಫ್ಟ್‌ನರ್ ನಾಲ್ಕು ವರ್ಷಕ್ಕೆ ಬಂದ ನಮ್ಮ ಜೇಬಿಗೆ ಎಟುಕುವುದಿಲ್ಲ, ಸರಿ. ಆದರೆ ನೀರನ್ನು ಕುದಿಯುವಷ್ಟು ಕಾಯಿಸಿ ಆಮೇಲೆ ತಣ್ಣೀರು ಬೆರೆಸೋ ಬದಲು ಮೈಗೆ ಹಿತವಾಗುವಷ್ಟಕ್ಕೇ ಇಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ನೀರು ಬಂದ್ ಮಾಡಿ ಜಾಲರಿ ತೊಳೆಯಲು ಹತ್ತು ನಿಮಿಷ ಸಾಕು. ಕೊಳವೆಯ ಸುಣ್ಣಕ್ಕೆ ನಿಂಬೆ ಉಪ್ಪಿನ ದ್ರಾವಣ ಸಾಕಾಗುತ್ತದೆ. ಅಜ್ಜಿ ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದುದೂ ಆಮ್ಲವೇ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸುರಿಯಬೇಡಿ, ಲೋಹವನ್ನೇ ತಿನ್ನುತ್ತದೆ. ಬರ್ನರ್, ಗ್ಯಾಸ್ ಪೈಪ್ ಮುಟ್ಟೋದು ಮೆಕ್ಯಾನಿಕ್ ಕೆಲಸ. ವರ್ಷಕ್ಕೊಮ್ಮೆ ಅವರನ್ನು ಕರೆಸಿ, ನಾಲ್ವರು ದುಡ್ಡು ಹಂಚಿಕೊಳ್ಳಿ.

ಕಾಲೇಜಿಗೂ ಒಂದು ಮಾತು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ನೀರಿನ ಗಡಸುತನ ಅಳೆಯುತ್ತೇವೆ. ಕೆಂಪು ನೀಲಿಗೆ ತಿರುಗಿತಾ, ರೀಡಿಂಗ್ ಬರೆ, ಸಹಿ ಹಾಕಿಸು, ಮುಗೀತು. ಸ್ಯಾಂಪಲ್ ಎಲ್ಲಿಯದು ಅಂತ ಯಾರೂ ಕೇಳುವುದಿಲ್ಲ. ಅದರ ಬದಲು ಪ್ರತಿಯೊಬ್ಬರೂ ತಮ್ಮ ಹಾಸ್ಟೆಲ್, ಪಿಜಿ, ಬಾಡಿಗೆ ಮನೆಯ ನಲ್ಲಿ ನೀರನ್ನು ಬಾಟಲಿಯಲ್ಲಿ ತರಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿ.ಗ್ರಾಂ. ಒಪ್ಪಿತ ಮಿತಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ನಮ್ಮ ಬೀದಿ ಎಲ್ಲಿ ನಿಲ್ಲುತ್ತೆ? ಅಂಕಿಗಳನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಯಾವ ಬೀದಿಯ ಗೀಸರನ್ನು ಮೊದಲು ಬಿಚ್ಚಿಸಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಹೊಸ ಉಪಕರಣ ಬೇಡ, ಹೆಚ್ಚುವರಿ ಖರ್ಚಿಲ್ಲ.

ನಮ್ಮ ನಾಲ್ವರ ಬಾಟಲಿ ತುಂಬಿಟ್ಟಾಗಿದೆ. ಲ್ಯಾಬ್ ಬಾಗಿಲು ಯಾವಾಗ ತೆಗೀತಾರೆ ಅಂತ ಹೇಳಿ.