ಯಾರ ಹೊಟ್ಟೆಗಾಗಿ ಅಧಿಕ ಬೆಳೆ?

ಜಗತ್ತಿನ ಜನಸಂಖ್ಯೆ ಏರುತ್ತಿದೆ, ಆದುದರಿಂದ ಕೃಷಿಕರು ಇನ್ನೂ ಅಧಿಕ ಬೆಳೆಯಲೇಬೇಕು ಎಂಬ ಉಪದೇಶ ಸಭೆ, ಸೆಮಿನಾರುಗಳಲ್ಲಿ ಕೇಳಿಬರುತ್ತಲೇ ಇದೆ. ಆದರೆ ಹಸಿವಿಗೆ ಬೆಳೆಯ ಕೊರತೆಯೇ ಕಾರಣವೇ ಎಂಬುದನ್ನು ಮೊದಲು ವಿಚಾರಿಸಬೇಕಾಗಿದೆ.

1965-66ರ ಬರಗಾಲದಲ್ಲಿ ಅಮೇರಿಕದ ಗೋಧಿಗೆ ಕೈಯೊಡ್ಡಿದ ದೇಶಕ್ಕೆ ಅಧಿಕ ಇಳುವರಿ ಅಗತ್ಯವಿತ್ತು. ಅದನ್ನು ಅಲ್ಲಗಳೆಯುವವರು ನಾವಲ್ಲ. 1950-51ರಲ್ಲಿ ಸುಮಾರು 5 ಕೋಟಿ ಟನ್ನುಗಳಷ್ಟಿದ್ದ ಆಹಾರಧಾನ್ಯ 2023-24ರಲ್ಲಿ 33 ಕೋಟಿ ಟನ್ನು ದಾಟಿತು. ಈ ಅವಧಿಯಲ್ಲಿ ಜನಸಂಖ್ಯೆ ನಾಲ್ಕು ಪಾಲಾದರೆ ಧಾನ್ಯ ಆರು ಪಾಲಿಗೂ ಮಿಕ್ಕಿತು. ಆದರೂ 2001ರಲ್ಲಿ, ಸರಕಾರದ ಗೋದಾಮುಗಳು ತುಂಬಿದ್ದಾಗಲೇ, ಹಸಿದವರ ಪರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಲೇರಬೇಕಾಯಿತು. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರವೇ ಸುಮಾರು 105 ಕೋಟಿ ಟನ್ನು. ಅನ್ನ ಇಲ್ಲವೆಂದಲ್ಲ, ಕೊಳ್ಳಲು ಹಸಿದವನ ಕೈಯಲ್ಲಿ ಕಾಸಿಲ್ಲ.

ಇಳುವರಿಯೊಂದನ್ನೇ ನೋಡಿದರೆ ಏನಾಗುತ್ತದೆಂದು ತಿಳಿಯಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ಹೊತ್ತಿಗೆ ಪಡ್ರೆ, ಸ್ವರ್ಗದಂಥ ಊರುಗಳ ಮನೆಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ಆಗಿದ್ದರು. ಆ ಗೇರುಬೀಜವಾದರೂ ಹಸಿದವರ ಬಟ್ಟಲಿಗೆ ಬಿದ್ದದ್ದಲ್ಲ.

ಇತ್ತ ಅನ್ನ ಕೊಡುವ ಗದ್ದೆಗಳ ಗತಿಯೇನು? 1970ರ ದಶಕದಲ್ಲಿ ಕೇರಳದಲ್ಲಿ 8 ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದ ಭತ್ತದ ಬೇಸಾಯ ಈಗ 2 ಲಕ್ಷದ ಆಸುಪಾಸಿಗೆ ಇಳಿದಿದೆ. ಬೈಲುಗಳಿಗೆ ಮಣ್ಣು ಬಿತ್ತು, ಕಂಗು ಎದ್ದಿತು. ಬೆಳೆಯಲು ತಿಳಿಯದೆ ಯಾರೂ ಗದ್ದೆ ಬಿಟ್ಟದ್ದಲ್ಲ. ಆಳಿನ ಕೂಲಿ, ಗೊಬ್ಬರದ ಖರ್ಚು ಭತ್ತದ ಬೆಲೆಯಲ್ಲಿ ಹುಟ್ಟದಾದಾಗ ಬಿಟ್ಟರು. ಅಂಥ ಕಾಲದಲ್ಲೂ 650ಕ್ಕೆ ಮಿಕ್ಕಿ ಭತ್ತದ ತಳಿಗಳನ್ನು ಕಾಪಾಡಿದ, 2024ರಲ್ಲಿ ಪದ್ಮಶ್ರೀ ಪಡೆದ ಶ್ರೀ ಸತ್ಯನಾರಾಯಣ ಬೇಳೇರಿಯವರು ಈ ಜಿಲ್ಲೆಯವರೆಂಬುದು ನಮಗೆ ಹೆಮ್ಮೆ. ಆದರೆ ಸನ್ಮಾನದ ಶಾಲಿನಿಂದ ಗದ್ದೆ ಉಳಿಯದು.

2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನು ಕಡತದಲ್ಲೇ ಉಳಿಯದಿರಲಿ. ಕೊಂಡ ಭತ್ತದ ಹಣ ತಡವಿಲ್ಲದೆ ಕೃಷಿಕರ ಕೈಸೇರಲಿ. ಸಹಾಯಧನದ ವಿವರಗಳನ್ನು ಕೃಷಿಭವನಗಳು ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ತಿಳಿಸಲಿ. ಜಗತ್ತಿನ ಹೊಟ್ಟೆಯ ಭಾರವನ್ನು ಕೃಷಿಕನ ಹೆಗಲಿಗೆ ಹೊರಿಸುವವರು ಅವನ ಮನೆಯ ಒಲೆಯತ್ತಲೂ ಒಮ್ಮೆ ನೋಡಬೇಕು.