ಗುಜರಿಗೆ ಹಾಕುವ ಮೊದಲು ಆ ತಾಟನ್ನೊಮ್ಮೆ ನೋಡಿ

ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸನ್ ಕೋಪನ್‌ಹೇಗನ್ನಿನ ಹೋಟೆಲೊಂದಕ್ಕೆಂದು 1957ರಲ್ಲಿ ರೂಪಿಸಿದ ಸ್ಟೀಲ್ ಚಮಚಗಳು ಈಗ ವಸ್ತುಸಂಗ್ರಹಾಲಯ ಸೇರಿವೆ. ನಂತರದ ದಶಕಗಳಲ್ಲಿ ಸೊಲ್ಲಾಪುರ, ಅಕ್ಕಲಕೋಟೆಯ ಅಡುಗೆಮನೆಗಳಿಗೆ ಬಂದ ಸ್ಟೀಲ್ ತಾಟು, ವಾಟಗ, ತಂಬಿಗೆಗಳು ಗುಜರಿಯವನ ತಕ್ಕಡಿ ಏರುತ್ತಿವೆ. ಚಮಚಕ್ಕೆ ವಿನ್ಯಾಸಕಾರನ ಹೆಸರಿದೆ, ತಾಟಿಗಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಅದರಲ್ಲಿ ವಿನ್ಯಾಸವೇ ಇಲ್ಲ ಎನ್ನಲಾದೀತೇ?

ತಾಟಿನ ಅಂಚನ್ನು ಬೆರಳಿನಿಂದ ಸವರಿದರೆ ಉತ್ತರ ಸಿಗುತ್ತದೆ. ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ, ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುತ್ತಾರೆ. ಆ ಸುರುಳಿಯಿಂದಲೇ ತಗಡಿಗೆ ಬಿಗಿ ಬರುತ್ತದೆ, ಕೈಯೂ ಕೊಯ್ಯುವುದಿಲ್ಲ. ಅಂಚು ನೆಟ್ಟಗೆ ನಿಂತಿರುವುದಕ್ಕೂ ಕಾರಣವಿದೆ: ಕೈಯಲ್ಲಿ ಉಣ್ಣುವವರು ಅನ್ನ-ಸಾರನ್ನು ಅದಕ್ಕೊತ್ತಿಯೇ ತುತ್ತು ಕಟ್ಟುತ್ತಾರೆ. ನಡುವಿನ ಸಪಾಟು ಜಾಗದಲ್ಲಿ ಜೋಳದ ರೊಟ್ಟಿ, ಪಕ್ಕಕ್ಕೆ ಶೇಂಗಾ ಚಟ್ನಿ, ತೆಳ್ಳಗಿನ ಸಾರಿಗೆ ಬೇರೆ ವಾಟಗ. ಉಂಡೆದ್ದ ಮೇಲೆ ಹತ್ತಾರು ತಾಟುಗಳು ಒಂದರೊಳಗೊಂದು ಕೂತು ಒಂದೇ ತಾಟಿನ ಜಾಗದಲ್ಲಿ ಅಡಗುತ್ತವೆ.

ಇಂಗ್ಲೆಂಡಿನ ಡೇವಿಡ್ ಮೆಲ್ಲರ್ 1965ರಲ್ಲಿ ಸರ್ಕಾರಿ ಕ್ಯಾಂಟೀನುಗಳಿಗಾಗಿ ‘ಥ್ರಿಫ್ಟ್’ ಸೆಟ್ಟು ಮಾಡುವಾಗ 11 ಚಮಚ-ಚಾಕುಗಳ ಜಾಗದಲ್ಲಿ 5 ಸಾಕೆಂದು ತೋರಿಸಿ ಹೆಸರಾದರು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಕ್ಷೇತ್ರದಂತೆ ನಿತ್ಯ ಸಾವಿರಾರು ಮಂದಿಗೆ ಅನ್ನ ಬಡಿಸುವ ಊರಿನಲ್ಲಿ ಈ ಲೆಕ್ಕಾಚಾರವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಸ್ಟೀಲ್ ಗೆದ್ದದ್ದು ಬರೀ ಹೊಳಪಿನಿಂದಲ್ಲ. ಹಿತ್ತಾಳೆ ಪಾತ್ರೆಗೆ ಆಗಾಗ ಕಲಾಯಿ ಹಾಕಿಸಬೇಕಿತ್ತು. ಇಲ್ಲವಾದರೆ ಹುಣಸೆಹುಳಿ, ಮಜ್ಜಿಗೆ ಕಿಲುಬು ಹಿಡಿಯುತ್ತಿದ್ದವು. ‘ಜರ್ಮನ್’ ಎಂದೇ ಜನ ಕರೆಯುವ ಅಲ್ಯೂಮಿನಿಯಂ ಅಗ್ಗ, ಆದರೆ ಬಿದ್ದರೆ ನೆಗ್ಗುತ್ತಿತ್ತು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಉಕ್ಕಿಗೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಲೋಹ ಪಡೆದಿದ್ದರು. ಅದರ ಮೇಲೆ ಕಣ್ಣಿಗೆ ಕಾಣದ ಪದರವೊಂದು ಹರಡಿರುತ್ತದೆ. ಗೀಚಿದರೂ ಗಾಳಿ ತಾಗಿ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಮೊದಮೊದಲು ಉಳ್ಳವರ ಮನೆಯ ಪ್ರತಿಷ್ಠೆಯಾಗಿದ್ದ ಸ್ಟೀಲು, ಸೇಲಂ ಉಕ್ಕು ಕಾರ್ಖಾನೆ 1981ರಲ್ಲಿ ಉತ್ಪಾದನೆ ಆರಂಭಿಸುವ ಹೊತ್ತಿಗೆ ಮದುವೆಯ ಆಯಾರದಲ್ಲಿ ಮಾಮೂಲಾಗಿತ್ತು. ದುಡ್ಡಿಲ್ಲದವರು ಹಳೆ ಸೀರೆ, ಪ್ಯಾಂಟುಗಳನ್ನು ಬುಟ್ಟಿ ಹೊತ್ತು ಬರುವ ಹೆಂಗಸರಿಗೆ ಕೊಟ್ಟು, ಚೌಕಾಸಿ ಮಾಡಿ ಡಬ್ಬಿಯನ್ನೋ ಬೋಗುಣಿಯನ್ನೋ ಪಡೆದರು.

ಯಾಕೊಬ್ಸನ್‌ರ ಚಮಚಗಳಲ್ಲಿ ಇಲ್ಲದ್ದು ಇನ್ನೊಂದಿದೆ. ಅಂಗಡಿಯವನು ವಿದ್ಯುತ್ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಿದ್ದ. ಯಾರು, ಯಾರಿಗೆ, ಯಾವ ಊರಿಂದ, ಯಾವ ತಾರೀಖಿನಂದು ಕೊಟ್ಟದ್ದು ಎಂಬುದೆಲ್ಲ ಅಲ್ಲಿರುತ್ತದೆ. ಒಂದೇ ಮನೆಯ ಪಾತ್ರೆಗಳಲ್ಲಿ ಕನ್ನಡವೂ ಮರಾಠಿಯೂ ಸಿಗಬಹುದಾದ ಗಡಿನಾಡು ಇದು. ಕಲಬುರಗಿ, ವಿಜಯಪುರ ಕಡೆಯ ನಂಟಸ್ತಿಕೆಗಳಿಗೆ ಇಷ್ಟು ಕರಾರುವಾಕ್ಕಾದ ಪುರಾವೆ ಎಷ್ಟೋ ಮನೆಗಳಲ್ಲಿ ಬೇರೆ ಇರಲಾರದು.

ಭಾರತ ಸರ್ಕಾರದ ಕೋರಿಕೆಯಂತೆ ಇಲ್ಲಿ ಸುತ್ತಾಡಿದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರ ವರದಿಯಲ್ಲಿ ನಮ್ಮ ತಂಬಿಗೆಯನ್ನು ಮನಸಾರೆ ಹೊಗಳಿದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಗೆ ಸಿಕ್ಕ ಗೌರವ ಅದರ ಪಕ್ಕದಲ್ಲೇ ಇದ್ದ ತಾಟಿಗೆ ಸಿಗಲಿಲ್ಲ.

ಮನೆಮನೆಯಲ್ಲೂ ಇರುವ ವಸ್ತುವನ್ನು ಕಾಪಿಡುವುದೇಕೆ ಎಂದು ಕೇಳುವವರಿದ್ದಾರೆ. ಮನೆಮನೆಯಲ್ಲಿರುವುದರಿಂದಲೇ ಅದು ಯಾರ ಲಕ್ಷ್ಯಕ್ಕೂ ಬಾರದೆ ಕರಗಿಹೋಗುತ್ತಿದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಅದು ಹೊಸ ಪಾತ್ರೆಯ ಗುಣಮಟ್ಟ ನೋಡುತ್ತದೆ, ಹಳೆಯದರ ನೆನಪನ್ನಲ್ಲ. ಆ ಕೆಲಸವನ್ನು ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳು ಕೈಗೆತ್ತಿಕೊಳ್ಳಬಹುದು. ಮಕ್ಕಳು ಮನೆಯ ಹಳೆಯ ಪಾತ್ರೆಯ ಫೋಟೊ ತೆಗೆದು, ತೂಕ, ಅಳತೆ, ಕೊರೆದ ಅಕ್ಷರಗಳನ್ನು ಬರೆದುಕೊಂಡರೆ ಸಾಕು. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ನೆರೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಅವನ್ನು ಒಂದು ಮಳಿಗೆಯಲ್ಲಿ ಜೋಡಿಸಿಟ್ಟರೆ, ನೋಡಬಂದವರೇ ತಮ್ಮ ಮನೆಯ ಮಾಹಿತಿ ಸೇರಿಸುತ್ತಾರೆ.