ನಾಮದ ಕೋಳಿಗೆ ತುಸು ಜೊಂಡು ಬಿಡೋಣ

ನೀರಿನಲ್ಲಿ ತೇಲುವ ಹಕ್ಕಿಗಳನ್ನೆಲ್ಲ ಬಾತುಕೋಳಿಯೆಂದು ಕರೆದು ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಅವುಗಳ ನಡುವೆ ಮೈಯೆಲ್ಲ ಕಪ್ಪಾಗಿದ್ದು ಕೊಕ್ಕು, ಹಣೆ ಮಾತ್ರ ಬೆಳ್ಳಗಿರುವ ಹಕ್ಕಿಯೊಂದುಂಟು. ಅದು ಬಾತಲ್ಲ, ನಾಮದ ಕೋಳಿ. ಬಾತಿನ ಬೆರಳುಗಳನ್ನು ಚರ್ಮದ ಪೊರೆ ಜೋಡಿಸಿರುತ್ತದೆ. ಇದರ ಬೆರಳುಗಳು ಬಿಡಿಯಾಗಿದ್ದು, ಅಂಚಿನಲ್ಲಿ ಎಲೆಯಂತಹ ಹಾಲೆಗಳಿರುತ್ತವೆ. ಹಾರಬೇಕಾದರೆ ನೀರಿನ ಮೇಲೆಯೇ ದಡದಡನೆ ಬಹುದೂರ ಓಡಬೇಕು.

ಹಣೆಯ ಬಿಳುಪನ್ನು ಕಂಡು ಇಂಗ್ಲಿಷರು ಈ ಹಕ್ಕಿಯನ್ನು ಬೋಳುತಲೆಗೆ ಉಪಮಾನವಾಗಿಸಿದರು. ಕನ್ನಡಿಗರಿಗೆ ಅದೇ ಬಿಳುಪು ನಾಮವಾಗಿ ಕಂಡಿತು. ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರೇ, ನಿಮ್ಮಲ್ಲಿಯ ಕೊಳ, ಜೌಗುಗಳಲ್ಲಿ ಹಿಂಡುಹಿಂಡಾಗಿ ಕಾಣುವ ಅಮೆರಿಕನ್ ಕೂಟ್ ಇದರ ಹತ್ತಿರದ ಬಂಧು. ಮಕ್ಕಳಿಗೆ ಅದನ್ನು ತೋರಿಸುವಾಗ ನಮ್ಮ ಹೆಸರನ್ನೂ ಹೇಳಿಕೊಡಿರಿ.

ಹೆಸರು ಉಳಿದರಷ್ಟೇ ಸಾಲದು, ಹಕ್ಕಿಗೆ ನೆಲೆಯೂ ಉಳಿಯಬೇಕು. ನಾಮದ ಕೋಳಿ ಜೊಂಡಿನ ಮರೆಯಲ್ಲಿ ಕಾಂಡ, ಎಲೆಗಳನ್ನು ಒಟ್ಟಿ ನೀರಿನಲ್ಲಿಯೇ ಗೂಡು ಕಟ್ಟುತ್ತದೆ. ಮುನವಳ್ಳಿಯವರಾದ ನಾವು ಮಲಪ್ರಭೆಯ ದಂಡೆಯವರು. ಸಮೀಪದಲ್ಲೇ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ ವಿಶಾಲವಾದ ರೇಣುಕಾಸಾಗರ. ಅಷ್ಟು ನೀರಿರುವಾಗ ಹಕ್ಕಿಗೇನು ಕೊರತೆ ಎಂದು ಕೇಳಬಹುದು. ಆದರೆ ಜಲಾಶಯದ ನೀರು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಬಹಳ ಕೆಳಗಿಳಿಯುತ್ತದೆ. ಅಂತಹ ಅಂಚಿನಲ್ಲಿ ಜೊಂಡು ಬೇರೂರಿ ನಿಲ್ಲುವುದು ಕಷ್ಟ. ಆದ್ದರಿಂದಲೇ ಊರೂರಿನ ಸಣ್ಣ ಕೆರೆಗಳಿಗೆ ಬೆಲೆ.

ಈಗ ಕೆರೆಯ ಅಭಿವೃದ್ಧಿಯೆಂದರೆ ಅನೇಕ ಕಡೆ ಸುತ್ತಲೂ ಕಲ್ಲು ಕಟ್ಟಿ, ಜೊಂಡನ್ನು ಬೇರುಸಹಿತ ಕಿತ್ತು, ನಡಿಗೆಯ ಹಾದಿ ಮಾಡುವುದೆಂದೇ ಅರ್ಥವಾಗಿದೆ. ಹೂಳೆತ್ತುವುದು ಬೇಕು, ರೈತನಿಗೆ ನೀರು ನಿಲ್ಲಬೇಕು. ಕೊಳಚೆ ಸೇರಿ ಕೆರೆಯನ್ನೆಲ್ಲ ಮುಚ್ಚುವ ಅಂತರಗಂಗೆಯನ್ನು ತೆಗೆಯಲೇಬೇಕು. ಆದರೆ ಜೊಂಡು ಕಸವಲ್ಲ, ಅದು ಹಕ್ಕಿಯ ಬಾಣಂತಿಕೋಣೆ. ಒಡ್ಡಿನ ಕಡೆ ಕಲ್ಲಿರಲಿ. ನೀರು ಒಳಬರುವ ಇಳಿಜಾರಿನ ಕಡೆ ಒಂದು ಅಂಚನ್ನಾದರೂ ಹಾಗೆಯೇ ಬಿಡಲಿ. ಅದಕ್ಕೆ ಹಣ ಬೇಕಿಲ್ಲ, ಕೈ ತಡೆದರೆ ಸಾಕು.

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ದೂರದಿಂದ ಹಾರಿಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಅದಕ್ಕೆ ಆ ಖ್ಯಾತಿ. ಸಂತೋಷವೇ. ಆದರೆ ನಾಮದ ಕೋಳಿಯಂತಹ ಸಾಮಾನ್ಯ ಹಕ್ಕಿಗೆ ಪಟ್ಟಿಯೊಂದೇ ಕಾವಲಾಗದು. ಅದರ ಕಾವಲು ಊರಿನ ಜನವೇ. ನಿಮ್ಮಲ್ಲಿ ಕೆಲವರು ಇಂದು ಪಂಚಾಯತಿಯಲ್ಲಿದ್ದೀರಿ, ಕೆಲವರು ಇಂಜಿನಿಯರರಾಗಿದ್ದೀರಿ. ಮುಂದಿನ ಸಲ ಕೆರೆಯ ನಕ್ಷೆ ನಿಮ್ಮ ಮೇಜಿಗೆ ಬಂದಾಗ, ಜೊಂಡಿನ ಮೂಲೆ ಎಲ್ಲಿದೆಯೆಂದು ಒಮ್ಮೆ ಕೇಳಿರಿ.